ಮರೆವಿನ ಮೇಲೆ ಕಟ್ಟಿದ ರಿಯಾಯಿತಿ

ಪೂರ್ತಿ ಬೆಲೆ ಕೊಟ್ಟು ಕೊಂಡ ಮೇಲೆ ಅಂಚೆಯಲ್ಲಿ ಅರ್ಜಿ ಹಾಕಿ ಒಂದಷ್ಟು ಹಣ ವಾಪಸ್ ಪಡೆಯುವ ರಿಯಾಯಿತಿಗೆ ಅಂಚೆ ರಿಬೇಟ್ ಎನ್ನುತ್ತಾರೆ. ಅಮೆರಿಕದಲ್ಲಿ ಅದರ ಮಾತು ಬಂದಾಗಲೆಲ್ಲ ಒಂದು ತೀರ್ಪು ಸಿದ್ಧವಾಗಿರುತ್ತದೆ. ಷರತ್ತು ಓದಿ, ರಸೀದಿ ಜೋಡಿಸಿ, ಗಡುವಿನೊಳಗೆ ಅಂಚೆಗೆ ಹಾಕಿದವರಿಗೆ ಹಣ ಬಂದೇ ಬರುತ್ತದೆ. ಬರಲಿಲ್ಲ ಎನ್ನುವವರು ಸೋಮಾರಿಗಳು, ಇಲ್ಲವೇ ಅಜಾಗರೂಕರು. ಅಂಗಡಿಯವರೂ ಇದನ್ನೇ ಹೇಳುತ್ತಾರೆ, ತಯಾರಕರೂ ಇದನ್ನೇ ಹೇಳುತ್ತಾರೆ. ತಮ್ಮ ಚೆಕ್ಕು ತಪ್ಪದೆ ಕೈಸೇರಿದ ಚುರುಕು ಗ್ರಾಹಕರು ಹೌದೆಂದು ತಲೆಯಾಡಿಸುತ್ತಾರೆ. ಅರ್ಥಶಾಸ್ತ್ರಜ್ಞರು ಇದೇ ಮಾತನ್ನು ಸಭ್ಯವಾಗಿ ಹೇಳುತ್ತಾರೆ: ಶ್ರಮಪಟ್ಟವರಿಗೆ ಕಡಿಮೆ ಬೆಲೆ, ಪಡದವರಿಗೆ ಪೂರ್ತಿ ಬೆಲೆ, ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ.

ಈ ತೀರ್ಪು ತಪ್ಪು. ರಿಬೇಟ್ ಕೈಗೆ ಸಿಗದೆ ಹೋಗುವುದು ಈ ವ್ಯವಸ್ಥೆಯಲ್ಲಿ ಆಕಸ್ಮಿಕವಲ್ಲ. ಅದು ಮೊದಲೇ ಲೆಕ್ಕಕ್ಕೆ ಹಿಡಿದ ಆದಾಯ. ಎಲ್ಲರಿಗೂ ತೋರಿಸಿ ಕೆಲವರಿಗೆ ಮಾತ್ರ ಕೊಟ್ಟರಾಯಿತು ಎಂದು ಎಣಿಸಿಕೊಂಡ ರಿಯಾಯಿತಿಯನ್ನು ವಸ್ತುವಿನ ಬೆಲೆಯೆಂದು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುವುದು ಸುಳ್ಳು ಬೆಲೆ ಹೇಳುವುದಕ್ಕೆ ಸಮ. ಆ ಸುಳ್ಳಿಗೆ ಮೋಸಹೋದವರನ್ನೇ ಸೋಮಾರಿಗಳೆಂದು ಜರೆಯುವುದು ಎರಡನೆಯ ಅನ್ಯಾಯ.

ಗ್ರಾಹಕರಿಂದ ಈ ಪದ್ಧತಿ ಕೇಳುವ ಕೆಲಸ ಏನೆಂದು ಮೊದಲು ನೋಡೋಣ. ನೂರು ಡಾಲರಿನ ಪ್ರಿಂಟರಿಗೆ 'ರಿಬೇಟ್ ಕಳೆದು 60 ಡಾಲರ್' ಎಂದು ಜಾಹೀರಾತು ಇರುತ್ತದೆ ಎನ್ನಿ. ಕೌಂಟರಿನಲ್ಲಿ ನೂರು ಡಾಲರನ್ನೂ ಕೊಡಬೇಕು. ಹೆಚ್ಚಿನ ರಾಜ್ಯಗಳಲ್ಲಿ ಮಾರಾಟ ತೆರಿಗೆ ಬೀಳುವುದೂ ನೂರರ ಮೇಲೆಯೇ. ಮನೆಗೆ ಬಂದು ಅರ್ಜಿ ತುಂಬಬೇಕು, ಮೂಲ ರಸೀದಿ ಲಗತ್ತಿಸಬೇಕು, ಪೆಟ್ಟಿಗೆಯ ಮೇಲಿನ ಬಾರ್‌ಕೋಡನ್ನು ಕತ್ತರಿಸಿ ಇಡಬೇಕು, ನಮ್ಮದೇ ಖರ್ಚಿನಲ್ಲಿ ಅಂಚೆಗೆ ಹಾಕಬೇಕು. ನಕಲು ಬಾರ್‌ಕೋಡ್ ನಡೆಯುವುದಿಲ್ಲ. ಒಂದೇ ವಸ್ತುವಿಗೆ ತಯಾರಕರದೊಂದು, ಅಂಗಡಿಯದೊಂದು ಎಂದು ಎರಡು ರಿಬೇಟ್ ಇದ್ದು, ಎರಡೂ ಮೂಲ ಬಾರ್‌ಕೋಡನ್ನೇ ಕೇಳಿದರೆ ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಬಾರ್‌ಕೋಡ್ ಕತ್ತರಿಸಿದ ಪೆಟ್ಟಿಗೆಯನ್ನು ಅಂಗಡಿಗಳು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ರಿಬೇಟಿಗೆ ಅರ್ಜಿ ಹಾಕಿದ ಗಳಿಗೆಯಲ್ಲೇ ವಸ್ತುವನ್ನು ಹಿಂದಿರುಗಿಸುವ ಅವಕಾಶವೂ ಹೋಯಿತು. ಆಮೇಲೆ ಎಂಟೋ ಹತ್ತೋ ಹನ್ನೆರಡೋ ವಾರ ಕಾಯಬೇಕು. ಚೆಕ್ಕು ಬಂದರೂ ಅದಕ್ಕೊಂದು ಅವಧಿ; ಹಲವು ಚೆಕ್ಕುಗಳು 90 ದಿನದಲ್ಲಿ ಅನೂರ್ಜಿತವಾಗುತ್ತವೆ. ಆ ಚೆಕ್ಕೂ ಎಷ್ಟೋ ಸಲ ಜಾಹೀರಾತಿನ ಚೀಟಿಯಂಥ ತೆಳು ಕಾರ್ಡಿನ ರೂಪದಲ್ಲಿ ಬರುತ್ತಿತ್ತು, ಕಸವೆಂದು ಬುಟ್ಟಿಗೆ ಸೇರುತ್ತಿತ್ತು.

ಇದಿಷ್ಟೂ ಏತಕ್ಕಾಗಿ? ಖರೀದಿ ನಡೆದಿದೆ ಎಂದು ಸಾಬೀತು ಮಾಡಲು ಎನ್ನುತ್ತಾರೆ. ಆದರೆ ಖರೀದಿ ನಡೆದದ್ದು ಅಂಗಡಿಯ ಯಂತ್ರದ ಮುಂದೆಯೇ. ಬಾರ್‌ಕೋಡ್ ಓದಿದ್ದು ಅದೇ ಯಂತ್ರ. ಎಷ್ಟು ಹೊತ್ತಿಗೆ, ಯಾವ ಕಾರ್ಡಿನಿಂದ, ಯಾವ ಬೆಲೆಗೆ ಮಾರಾಟವಾಯಿತೆಂಬುದು ಅದಕ್ಕೆ ಗೊತ್ತು. ದೊಡ್ಡ ಅಂಗಡಿಗಳಲ್ಲಿ ಆ ಯಂತ್ರವೇ ಬಿಲ್ಲಿನ ಜೊತೆಗೆ ರಿಬೇಟಿಗೆಂದು ಬೇರೆ ರಸೀದಿಯನ್ನು ಮುದ್ರಿಸಿ ಕೊಡುತ್ತಿತ್ತು. ಈ ಗ್ರಾಹಕರಿಗೆ ಇಷ್ಟು ರಿಬೇಟ್ ಸಲ್ಲಬೇಕೆಂದು ತಿಳಿದಿರುವ ಯಂತ್ರಕ್ಕೆ ಆ ಮೊತ್ತವನ್ನು ಅಲ್ಲೇ ಕಳೆಯುವುದು ಕಷ್ಟವಲ್ಲ. 'ಇನ್‌ಸ್ಟಂಟ್ ರಿಬೇಟ್' ಎಂಬ ಹೆಸರಿನಲ್ಲಿ ಅದನ್ನು ಮಾಡುತ್ತಲೂ ಇದ್ದರು. ಮಾರುವವರಿಗೆ ಈಗಾಗಲೇ ಗೊತ್ತಿರುವುದನ್ನು ಕೊಂಡವರು ಕತ್ತರಿ, ಅಂಟು, ಅಂಚೆಚೀಟಿ ಹಿಡಿದು ಮತ್ತೆ ಸಾಬೀತು ಮಾಡಬೇಕೆಂದರೆ ಆ ಸಾಬೀತಿನ ಉದ್ದೇಶವೇ ಬೇರೆ. ಪ್ರತಿ ಹೆಜ್ಜೆಯಲ್ಲೂ ಒಂದಷ್ಟು ಜನ ಉದುರಿಹೋಗಲಿ ಎಂಬುದೇ ಆ ಉದ್ದೇಶ.

'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ನಮ್ಮ ಗಾದೆ ಸಾಲದ ವ್ಯವಹಾರಕ್ಕೆ ಹುಟ್ಟಿದ್ದು. ರಿಬೇಟೂ ಸಾಲವೇ. ಅರವತ್ತರ ವಸ್ತುವಿಗೆ ನೂರು ಕೊಟ್ಟವರು ಉಳಿದ ನಲವತ್ತನ್ನು ಬಡ್ಡಿಯಿಲ್ಲದೆ ಕಂಪನಿಗೆ ಸಾಲ ಕೊಟ್ಟಿರುತ್ತಾರೆ. ಸಾಲ ಕೊಟ್ಟವರು ಅರ್ಜಿ ಹಿಡಿದು ಬೇಡುತ್ತಾರೆ. ಪಡೆದವರು ಷರತ್ತು ಹಾಕುತ್ತಾರೆ, ಅರ್ಜಿ ತಿರಸ್ಕರಿಸುತ್ತಾರೆ.

ಕಂಪನಿಗಳು ತಾವೇ ಈ ಅರ್ಜಿಗಳನ್ನು ನೋಡುವುದು ಅಪರೂಪ. ಅದಕ್ಕೆಂದೇ ಫುಲ್‌ಫಿಲ್‌ಮೆಂಟ್ ಹೌಸ್ ಎಂಬ ಗುತ್ತಿಗೆ ಸಂಸ್ಥೆಗಳು ಬೆಳೆದವು. ಮಿನ್ನೆಸೋಟ ರಾಜ್ಯದ ಯಂಗ್ ಅಮೆರಿಕ ಎಂಬ ಪುಟ್ಟ ಊರು, ಅದೇ ಹೆಸರಿನ ಕಂಪನಿಯಿಂದಾಗಿ, ದೇಶದ ಮೂಲೆಮೂಲೆಯ ರಿಬೇಟ್ ಲಕೋಟೆಗಳು ಬಂದು ಬೀಳುವ ಊರಾಯಿತು. ಬರುವ ಅಂಚೆಯ ರಾಶಿಯಿಂದಾಗಿ ಆ ಊರಿಗೆ ಹಲವಾರು ಪಿನ್ ಕೋಡುಗಳನ್ನು ಕೊಡಬೇಕಾಯಿತು. ಟೆಕ್ಸಾಸಿನ ಎಲ್ ಪಾಸೊ ನಗರದ ಪೋಸ್ಟ್ ಬಾಕ್ಸುಗಳೂ ರಿಬೇಟ್ ಅರ್ಜಿ ತುಂಬಿದವರಿಗೆಲ್ಲ ಪರಿಚಿತ ವಿಳಾಸ. ಈ ಉದ್ಯಮದ ಒಳಗೆ ಎರಡು ಲೆಕ್ಕಗಳಿವೆ. ರಿಯಾಯಿತಿ ನೋಡಿ ಕೊಂಡರೂ ಅರ್ಜಿಯನ್ನೇ ಹಾಕದವರ ಪಾಲು 'ಬ್ರೇಕೇಜ್'. ಚೆಕ್ಕು ಪಡೆದೂ ನಗದು ಮಾಡಿಕೊಳ್ಳದವರ ಪಾಲು 'ಸ್ಲಿಪೇಜ್'. ರಿಬೇಟ್ ಘೋಷಿಸುವ ಮೊದಲೇ ಈ ಎರಡೂ ಪಾಲುಗಳನ್ನು ಅಂದಾಜು ಮಾಡಿ ಬಜೆಟ್ ಹಾಕುತ್ತಾರೆ. ನಲವತ್ತು ಡಾಲರ್ ಕೊಡುತ್ತೇವೆಂದು ಸಾರುವ ಕಂಪನಿ ಎಲ್ಲರಿಗೂ ನಲವತ್ತು ಕೊಡುವಷ್ಟು ಹಣ ಎತ್ತಿಡುವುದಿಲ್ಲ. ಯಂಗ್ ಅಮೆರಿಕ ಕಂಪನಿಯ ವಿಷಯದಲ್ಲಿ, ನಗದಾಗದ ಚೆಕ್ಕುಗಳ ಹಣವನ್ನು ಅದು ತಾನೇ ಇಟ್ಟುಕೊಂಡಿದ್ದರ ಬಗ್ಗೆ ಹಲವು ರಾಜ್ಯಗಳು ತಕರಾರು ಎತ್ತಿದವು. ಗ್ರಾಹಕರ ಹೆಸರಿನಲ್ಲಿ ಬರೆದ ಚೆಕ್ಕು ನಗದಾಗದಿದ್ದರೆ ಆ ಹಣ ಚೆಕ್ಕು ಬರೆದವರಿಗೆ ಲಾಭವಾಗುವಂಥ ಏರ್ಪಾಟಿನಲ್ಲಿ, ಗ್ರಾಹಕರಿಗೆ ಹಣ ಬೇಗ ಸೇರಲಿ ಎಂದು ಯಾರು ಮುತುವರ್ಜಿ ವಹಿಸುತ್ತಾರೆ?

ಈ ಪದ್ಧತಿ ಉತ್ತುಂಗದಲ್ಲಿದ್ದ 2005ರ ಕೊನೆಯಲ್ಲಿ 'ಬ್ಯುಸಿನೆಸ್‌ವೀಕ್' ಪತ್ರಿಕೆ ಪ್ರಕಟಿಸಿದ ವರದಿಯ ಪ್ರಕಾರ ವರ್ಷಕ್ಕೆ ಸುಮಾರು 40 ಕೋಟಿ ರಿಬೇಟ್‌ಗಳು ಘೋಷಣೆಯಾಗುತ್ತಿದ್ದವು. ಅವುಗಳ ಒಟ್ಟು ಮೊತ್ತ 600 ಕೋಟಿ ಡಾಲರ್. ಅದರಲ್ಲಿ ಶೇ. 40ರಷ್ಟು ಗ್ರಾಹಕರ ಕೈ ಸೇರುತ್ತಿರಲಿಲ್ಲ ಎಂಬುದು ಅದೇ ವರದಿ ಕೊಟ್ಟ ಅಂದಾಜು. ನೂರು ಜನರಲ್ಲಿ ನಲವತ್ತು ಮಂದಿ ಒಂದೇ ಬಾಗಿಲಲ್ಲಿ ಎಡವಿದರೆ ಹೊಸ್ತಿಲನ್ನು ಪರೀಕ್ಷಿಸಬೇಕೇ ಹೊರತು ನಲವತ್ತು ಜೊತೆ ಕಾಲುಗಳನ್ನಲ್ಲ.

ಸೋಮಾರಿತನದ ವಾದಕ್ಕೆ ಸಂಶೋಧನೆಯ ಬೆಂಬಲವೂ ಇಲ್ಲ. ಮುಂದೆ ಪಡಬೇಕಾದ ಶ್ರಮ ಇವತ್ತು ನಮಗೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ ಎಂಬುದನ್ನು ದಿಲೀಪ್ ಸೋಮನ್ 1998ರಲ್ಲಿ ಪ್ರಕಟವಾದ ತಮ್ಮ ಸಂಶೋಧನೆಯಲ್ಲಿ ತೋರಿಸಿದರು. ಅಂಗಡಿಯಲ್ಲಿ ನಿಂತಾಗ ಉಳಿತಾಯ ಕಣ್ಣಿಗೆ ಕಟ್ಟುತ್ತದೆ, ಅರ್ಜಿಯ ಕೆಲಸ ಹಗುರವೆನಿಸುತ್ತದೆ. ಆ ಕೆಲಸದ ದಿನ ಬಂದಾಗ ತೂಕ ತಿರುಗುಮುರುಗಾಗುತ್ತದೆ. ಟಿಮ್ ಸಿಲ್ಕ್ ರಿಬೇಟ್‌ಗಳನ್ನೇ ಅಧ್ಯಯನ ಮಾಡಿದವರು. ಅರ್ಜಿಗೆ ಹೆಚ್ಚು ದಿನಗಳ ಗಡುವು ಕೊಟ್ಟರೆ ಕೊಳ್ಳುವವರ ಭರವಸೆ ಹೆಚ್ಚುತ್ತದೆ, ಆದರೆ ಜನ ಕೆಲಸ ಮುಂದೂಡುವುದೂ ಹೆಚ್ಚುವುದರಿಂದ ಅರ್ಜಿ ಹಾಕುವವರು ಕಡಿಮೆಯಾಗುತ್ತಾರೆ ಎಂದು ಅವರು ಕಂಡರು. ಅಂದರೆ ಮೇಲುನೋಟಕ್ಕೆ ಉದಾರವೆನಿಸುವ ಗಡುವು ಕೂಡ ಕಂಪನಿಗೇ ಅನುಕೂಲ. ಇದು ಕೆಲವರ ದುರ್ಗುಣವಲ್ಲ, ಮನುಷ್ಯರ ಸ್ವಭಾವ. ಆ ಸ್ವಭಾವವನ್ನು ಅಳೆದು, ಅದರ ಮೇಲೆ ಬೆಲೆ ನಿಗದಿ ಮಾಡಿ, ಕೊನೆಗೆ ಅದನ್ನೇ ಗ್ರಾಹಕರ ತಪ್ಪೆಂದು ಹೇಳುವುದು ನೈತಿಕವಾಗಿ ನಿಲ್ಲದ ಮಾತು.

ಇನ್ನು ಅರ್ಥಶಾಸ್ತ್ರದ ವಾದ. ಇದು ಹೆಚ್ಚು ಗಟ್ಟಿಯಾದದ್ದು, ಆದ್ದರಿಂದ ನೇರವಾಗಿ ಎದುರಿಸಬೇಕು. ಚಕ್ರವರ್ತಿ ನರಸಿಂಹನ್ 1984ರಲ್ಲಿ ಕೂಪನ್‌ಗಳ ಬಗ್ಗೆ ಬರೆದ ಪ್ರಬಂಧ ಪ್ರಸಿದ್ಧವಾದದ್ದು. ಬೆಲೆಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವವರು ಕೂಪನ್ ಕತ್ತರಿಸುವ ಶ್ರಮ ಪಡುತ್ತಾರೆ, ಉಳಿದವರು ಪಡುವುದಿಲ್ಲ. ಹೀಗೆ ಒಂದೇ ವಸ್ತುವನ್ನು ಇಬ್ಬರಿಗೆ ಎರಡು ಬೆಲೆಗೆ ಮಾರಬಹುದು ಎಂಬುದು ಅದರ ತಿರುಳು. ರಿಬೇಟನ್ನು ಸಮರ್ಥಿಸುವವರು ಈ ತರ್ಕವನ್ನು ಹಾಗೆಯೇ ಎತ್ತಿಕೊಂಡು ಬಂದಿದ್ದಾರೆ. ಆದರೆ ಕೂಪನ್ನಿಗೂ ಅಂಚೆ ರಿಬೇಟಿಗೂ ಮೂಲಭೂತ ವ್ಯತ್ಯಾಸವಿದೆ. ಕೂಪನ್ನಿನ ಶ್ರಮ ಖರೀದಿಗೆ ಮೊದಲು. ಕತ್ತರಿಸಿದವರಿಗೆ ಕೌಂಟರಿನಲ್ಲೇ ಬೆಲೆ ಇಳಿಯುತ್ತದೆ. ಕತ್ತರಿಸದವರು ತಾವು ಪೂರ್ತಿ ಬೆಲೆ ಕೊಡುತ್ತಿದ್ದೇವೆಂದು ತಿಳಿದೇ ಕೊಡುತ್ತಾರೆ. ಬೇಡವೆನಿಸಿದರೆ ಬಿಟ್ಟು ಬರುತ್ತಾರೆ. ಅಂಚೆ ರಿಬೇಟಿನಲ್ಲಿ ಶ್ರಮ ಖರೀದಿಯ ನಂತರ. ಕೊಳ್ಳುವವರೆಲ್ಲರೂ ಅರವತ್ತೇ ಬೆಲೆ ಎಂದು ನಂಬಿ ಕೊಳ್ಳುತ್ತಾರೆ. ಅವರಲ್ಲಿ ಎಷ್ಟೋ ಜನ ನೂರಕ್ಕಾದರೆ ಆ ಪ್ರಿಂಟರನ್ನು ಮುಟ್ಟುತ್ತಲೇ ಇರಲಿಲ್ಲ. ಇಬ್ಬರಿಗೆ ಎರಡು ಬೆಲೆ ಹೇಳಿ ಮಾರುವುದು ಒಂದು ವ್ಯಾಪಾರ. ಎಲ್ಲರಿಗೂ ಒಂದೇ ಬೆಲೆ ಹೇಳಿ ನಲವತ್ತು ಮಂದಿಯಿಂದ ಬೇರೆ ಬೆಲೆ ವಸೂಲು ಮಾಡುವುದು ವಂಚನೆ. ಮೊದಲನೆಯದರ ಸಮರ್ಥನೆ ಎರಡನೆಯದಕ್ಕೆ ಸಲ್ಲುವುದಿಲ್ಲ.

ಹಣದ ಅಗತ್ಯ ಹೆಚ್ಚಿರುವವರಿಗೇ ರಿಬೇಟ್ ತಲುಪುತ್ತದೆ ಎಂಬ ಮಾತೂ ಪರೀಕ್ಷೆಗೆ ನಿಲ್ಲುವುದಿಲ್ಲ. ಮೊದಲು ಪೂರ್ತಿ ಹಣ ಕೈಯಲ್ಲಿರಬೇಕು. ಅರವತ್ತು ಡಾಲರ್ ಮಾತ್ರ ಇರುವವರಿಗೆ ಅರವತ್ತರ ಬೆಲೆ ಬಾಗಿಲು ತೆರೆಯುವುದಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಂಡವರಿಗೆ ಚೆಕ್ಕು ಬರುವವರೆಗೆ ಬಡ್ಡಿ ಏರುತ್ತಿರುತ್ತದೆ. ಬ್ಯಾಂಕ್ ಖಾತೆ ಇಲ್ಲದವರು ಚೆಕ್ಕನ್ನು ನಗದು ಮಾಡುವ ಅಂಗಡಿಗೆ ಕಮಿಷನ್ ತೆರಬೇಕು. ರಸೀದಿಯ ನಕಲು ತೆಗೆಯಲು ಮನೆಯಲ್ಲಿ ಯಂತ್ರ ಬೇಕು. ಇಂಗ್ಲಿಷಿನಲ್ಲಿ ಅಚ್ಚಾದ ಚಿಕ್ಕ ಅಕ್ಷರದ ಷರತ್ತುಗಳು ಅರ್ಥವಾಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಮೂರು ತಿಂಗಳ ನಂತರವೂ ಅದೇ ವಿಳಾಸದಲ್ಲಿರಬೇಕು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ, ಊರಿಂದ ಊರಿಗೆ ಹೋಗುವ ಕೂಲಿಯವರು, ವಿದ್ಯಾರ್ಥಿಗಳು, ವಲಸಿಗರು ಈ ಪರೀಕ್ಷೆಯಲ್ಲಿ ಮೊದಲು ಸೋಲುವವರು. ತೊಂಬತ್ತರ ದಶಕದ ಕೊನೆಯಲ್ಲಿ ಕರ್ನಾಟಕದಿಂದ ಹೋದ ಎಂಜಿನಿಯರುಗಳ ಬದುಕೂ ಹೀಗೆಯೇ ಇತ್ತು. ಕನ್ಸಲ್ಟೆನ್ಸಿ ಕಂಪನಿ ಇವತ್ತು ಸ್ಯಾನ್ ಹೋಸೆಗೆ ಕಳಿಸಿದರೆ ನಾಲ್ಕು ತಿಂಗಳಿಗೆ ನ್ಯೂಜೆರ್ಸಿಗೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದ ಭಾರಿ ಮಾರಾಟಕ್ಕೆ ನಸುಕಿನಲ್ಲಿ ಸಾಲು ನಿಂತು ಕಂಪ್ಯೂಟರ್ ಕೊಂಡು, ಊರಿಗೆ ಹೊರಡುವಾಗ ಅಣ್ಣನಿಗೋ ತಂಗಿಗೋ ಒಯ್ಯುವ ಆಸೆಯಿಂದ ಪ್ರತಿ ಡಾಲರ್ ಎಣಿಸಿದವರು ಅವರು. ಅವರನ್ನು ಸೋಮಾರಿಗಳೆಂದು ಕರೆಯುವ ಧೈರ್ಯ ಯಾರಿಗಿದೆ? ಅವರ ಚೆಕ್ಕು ಹಳೆಯ ಅಪಾರ್ಟ್‌ಮೆಂಟಿನ ಅಂಚೆಪೆಟ್ಟಿಗೆಗೆ ಬಂದು, ಬೇರೆಯವರ ಕೈಯಿಂದ ಕಸಕ್ಕೆ ಹೋದರೆ ಅದು ಯಾರ ಅಜಾಗರೂಕತೆ?

ಕೆಲವು ಕೆಟ್ಟ ಕಂಪನಿಗಳನ್ನು ನೋಡಿ ಇಡೀ ಪದ್ಧತಿಯನ್ನು ದೂರಬಾರದು ಎಂಬುದು ಇನ್ನೊಂದು ಸಮಾಧಾನ. ಆ 'ಕೆಲವು' ಕಂಪನಿಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2005ರಲ್ಲಿ ಕಾಂಪ್‌ಯುಎಸ್‌ಎ ಎಂಬ ದೊಡ್ಡ ಕಂಪ್ಯೂಟರ್ ಅಂಗಡಿ ಸರಣಿಯ ಮೇಲೆ ಕ್ರಮ ಕೈಗೊಂಡಿತು. ಕ್ಯೂಪಿಎಸ್ ಎಂಬ ತಯಾರಕ ಕಂಪನಿ ರಿಬೇಟ್ ಹಣ ಕೊಡುತ್ತಿಲ್ಲವೆಂದು ಗೊತ್ತಿದ್ದೂ ಆ ರಿಬೇಟ್‌ಗಳನ್ನು ಜಾಹೀರಾತು ಮಾಡುತ್ತಲೇ ಇತ್ತು ಎಂಬುದು ಆರೋಪ. ಕ್ಯೂಪಿಎಸ್ ದಿವಾಳಿಯಾಗಿತ್ತು. 2007ರಲ್ಲಿ ಕಂಪ್ಯೂಟರ್ ಬಿಡಿಭಾಗಗಳ ಸೋಯೊ ಕಂಪನಿಯ ಸರದಿ. ಅದೇ ವರ್ಷ ಆನ್‌ಲೈನಿನಲ್ಲಿ ಮೊಬೈಲ್ ಮಾರುತ್ತಿದ್ದ ಇನ್‌ಫೋನಿಕ್ ಸಿಕ್ಕಿಬಿತ್ತು. ಅದರ ಗ್ರಾಹಕರು ಸಂಪರ್ಕ ಪಡೆದು ತಿಂಗಳುಗಳು ಕಳೆದ ಮೇಲೆಯೇ, ಫೋನ್ ಬಿಲ್ಲುಗಳ ಸಮೇತ ಅರ್ಜಿ ಹಾಕಬೇಕಿತ್ತು, ಈ ಷರತ್ತುಗಳು ಕೊಳ್ಳುವ ಮೊದಲು ಸರಿಯಾಗಿ ತಿಳಿಯುತ್ತಲೂ ಇರಲಿಲ್ಲ. ಆ ಕಂಪನಿಯೂ ಅದೇ ವರ್ಷ ದಿವಾಳಿ ಅರ್ಜಿ ಹಾಕಿತು. ತಯಾರಕರು ದಿವಾಳಿಯಾದರೆ ರಿಬೇಟಿನ ಬಾಕಿ ಇರುವ ಗ್ರಾಹಕರು ಸಾಲ ಕೊಟ್ಟವರ ಉದ್ದನೆಯ ಸಾಲಿನ ಬಾಲದಲ್ಲಿ ನಿಲ್ಲಬೇಕು. ಈ ಅಪಾಯವನ್ನು ಯಾವ ಜಾಹೀರಾತು ತಾನೇ ಹೇಳಿತ್ತು?

ದಿವಾಳಿಯಾಗದ ಪ್ರಾಮಾಣಿಕ ಕಂಪನಿಗಳಲ್ಲೂ ಜವಾಬ್ದಾರಿ ಮಾಯವಾಗುವ ರೀತಿ ಒಂದೇ. ಅಂಗಡಿಯನ್ನು ಕೇಳಿದರೆ ತಯಾರಕರನ್ನು ಕೇಳಿ ಎನ್ನುತ್ತಾರೆ. ತಯಾರಕರು ಗುತ್ತಿಗೆ ಸಂಸ್ಥೆಯ ಫೋನ್ ನಂಬರ್ ಕೊಡುತ್ತಾರೆ. ಗುತ್ತಿಗೆ ಸಂಸ್ಥೆ ಬಾರ್‌ಕೋಡ್ ತಲುಪಿಲ್ಲ ಎನ್ನುತ್ತದೆ. ಮೂಲ ಕಾಗದವನ್ನೇ ಕಳಿಸಿಯಾಗಿದೆ, ಇನ್ನೊಮ್ಮೆ ಕಳಿಸಲು ಏನೂ ಉಳಿದಿಲ್ಲ. ಬಾಕಿ ಇರುವುದು ಇಪ್ಪತ್ತೋ ಮೂವತ್ತೋ ಡಾಲರ್. ಅದಕ್ಕಾಗಿ ವಕೀಲರನ್ನು ಹಿಡಿಯುವವರಿಲ್ಲ. ಗಟ್ಟಿಯಾಗಿ ಕೇಳಲು ಸಾಕಾಗದಷ್ಟು ಚಿಕ್ಕ ಮೊತ್ತಗಳನ್ನು ಲಕ್ಷಾಂತರ ಜನರಿಂದ ಉಳಿಸಿಕೊಳ್ಳುವುದರಲ್ಲೇ ಈ ವ್ಯವಹಾರದ ಸುರಕ್ಷತೆ ಇದೆ.

ಅಂಚೆ ರಿಬೇಟ್ ಇಲ್ಲವಾದರೆ ಗ್ರಾಹಕರಿಗೆ ಸಿಗುವ ರಿಯಾಯಿತಿಯೂ ಇಲ್ಲವಾಗುತ್ತದೆ ಎಂದು ಹೆದರಿಸುವವರಿದ್ದಾರೆ. ಆದರೆ ನಡೆದದ್ದು ಬೇರೆ. ಎಲೆಕ್ಟ್ರಾನಿಕ್ಸ್ ಅಂಗಡಿ ಸರಣಿ ಬೆಸ್ಟ್ ಬೈ 2005ರಲ್ಲಿ ಅಂಚೆ ರಿಬೇಟ್‌ಗಳನ್ನು ಹಂತಹಂತವಾಗಿ ಕೈಬಿಡುವುದಾಗಿ ಘೋಷಿಸಿತು. ಕಚೇರಿ ಸಾಮಗ್ರಿ ಮಾರುವ ಆಫೀಸ್‌ಮ್ಯಾಕ್ಸ್ 2006ರಲ್ಲಿ ಬಿಟ್ಟೇಬಿಟ್ಟಿತು. ಗ್ರಾಹಕರ ರೋಷ ತಾಳಲಾರದೆ ವ್ಯಾಪಾರಿಗಳೇ ತೆಗೆದುಕೊಂಡ ತೀರ್ಮಾನ ಅದು. ಅಂಗಡಿಗಳಲ್ಲಿ ರಿಯಾಯಿತಿ ಸತ್ತುಹೋಗಲಿಲ್ಲ, ಕೌಂಟರಿಗೆ ಬಂತು. ಕನೆಕ್ಟಿಕಟ್ ಮತ್ತು ರೋಡ್ ಐಲೆಂಡ್ ರಾಜ್ಯಗಳಲ್ಲಂತೂ ರಿಬೇಟ್ ಕಳೆದ ಬೆಲೆಯನ್ನು ಜಾಹೀರಾತು ಮಾಡುವ ಅಂಗಡಿ ಆ ರಿಬೇಟನ್ನು ಮಾರುವ ಹೊತ್ತಿಗೇ ಕೊಡಬೇಕು ಎಂಬ ನಿಯಮವಿದೆ. ಆ ರಾಜ್ಯಗಳಲ್ಲಿ ವ್ಯಾಪಾರ ನಿಂತುಹೋಗಿಲ್ಲ. ಅಂಚೆ ರಿಬೇಟ್ ಇಲ್ಲವಾದರೆ ನಿಜವಾಗಿ ಇಲ್ಲವಾಗುವುದು, ಕೊಡುವ ಉದ್ದೇಶವಿಲ್ಲದ ಹಣವನ್ನು ಕೊಡುತ್ತೇವೆಂದು ಹೇಳುವ ಸೌಲಭ್ಯ. ಅದು ಇಲ್ಲವಾಗಲೇಬೇಕು.

ಕಾಗದ ಕಡಿಮೆಯಾದ ಮಾತ್ರಕ್ಕೆ ಕಷ್ಟ ಮುಗಿಯಿತು ಎಂದುಕೊಳ್ಳಬಾರದು. ಕಾರಿನ ಟೈರು, ಕಾಂಟ್ಯಾಕ್ಟ್ ಲೆನ್ಸ್‌ಗಳಿಗೆ ಇವತ್ತಿಗೂ ಅಮೆರಿಕದಲ್ಲಿ ರಿಬೇಟೇ ಮಾರಾಟದ ದಾರಿ. ಅರ್ಜಿ ಆನ್‌ಲೈನಿಗೆ ಬಂದಿದೆ, ಚೆಕ್ಕಿನ ಜಾಗಕ್ಕೆ ಪ್ರೀಪೇಯ್ಡ್ ಕಾರ್ಡ್ ಬಂದಿದೆ. ಆ ಕಾರ್ಡಿಗೂ ಅವಧಿಯಿದೆ. ಉಳಿದ ಮೂರು ಡಾಲರ್ ನಲವತ್ತು ಸೆಂಟ್‌ಗಳನ್ನು ಸರಿಯಾಗಿ ಖರ್ಚು ಮಾಡಲಾಗದೆ ಎಷ್ಟೋ ಜನ ಬಿಟ್ಟುಬಿಡುತ್ತಾರೆ. ಉಡುಗೊರೆ ಕಾರ್ಡುಗಳ ಅವಧಿ, ಶುಲ್ಕಗಳ ಮೇಲೆ 2009ರ ಕಾನೂನು ತಂದ ಕಡಿವಾಣ ಇಂಥ ಪ್ರಚಾರದ ಕಾರ್ಡುಗಳಿಗೆ ಅನ್ವಯಿಸುವುದಿಲ್ಲ. ಮಧ್ಯಪಶ್ಚಿಮ ರಾಜ್ಯಗಳ ಮೆನಾರ್ಡ್ಸ್ ಅಂಗಡಿಗಳ ಶೇ. 11ರ ಹೆಸರಾಂತ ರಿಬೇಟ್ ಹಣದ ರೂಪದಲ್ಲಿ ಬರುವುದಿಲ್ಲ; ಅದೇ ಅಂಗಡಿಯಲ್ಲಿ ಮತ್ತೆ ಖರೀದಿ ಮಾಡಲು ಬಳಸಬೇಕಾದ ಚೀಟಿಯ ರೂಪದಲ್ಲಿ ಬರುತ್ತದೆ. ಸಾಧನ ಬದಲಾಗಿದೆ, ಲೆಕ್ಕ ಅದೇ.

ಆ ಲೆಕ್ಕ ನಮ್ಮಲ್ಲೂ ಬಂದು ಕೂತಿದೆ. ದಸರಾ, ದೀಪಾವಳಿಯ ಮಾರಾಟದಲ್ಲಿ ಮೊಬೈಲಿನ 'ಎಫೆಕ್ಟಿವ್ ಪ್ರೈಸ್' ಎಂದು ದಪ್ಪ ಅಂಕೆ ಕಾಣುತ್ತದೆ. ಬ್ಯಾಂಕಿನ ಕ್ಯಾಶ್‌ಬ್ಯಾಕ್, ಎಕ್ಸ್‌ಚೇಂಜ್ ಬೋನಸ್, ವೋಚರುಗಳನ್ನೆಲ್ಲ ಕಳೆದ ಮೇಲೆ ಸಿಗುವ ಅಂಕೆ ಅದು. ಕ್ಯಾಶ್‌ಬ್ಯಾಕ್ ಎಷ್ಟೋ ಸಲ ಮೂರು ತಿಂಗಳ ನಂತರ ಖಾತೆಗೆ ಬರಬೇಕು. ಬಾರದಿದ್ದರೆ ಅಂಗಡಿಯವರು ಬ್ಯಾಂಕಿನ ಕಡೆಗೆ, ಬ್ಯಾಂಕಿನವರು ಕಂಪನಿಯ ಕಡೆಗೆ ಕೈ ತೋರಿಸುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಮಾರ್ಗಸೂಚಿ ಗ್ರಾಹಕರನ್ನು ದಾರಿತಪ್ಪಿಸುವ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳನ್ನು ಹೆಸರಿಸಿದೆ. ಬೆಲೆಯನ್ನು ಕೊನೆಯವರೆಗೆ ಮುಚ್ಚಿಟ್ಟು ಸ್ವಲ್ಪಸ್ವಲ್ಪವೇ ಏರಿಸುವ 'ಡ್ರಿಪ್ ಪ್ರೈಸಿಂಗ್' ಅದರಲ್ಲಿದೆ. ಆದರೆ ಮುಂದೆಂದೋ ಬರಬಹುದಾದ ಹಣವನ್ನು ಇವತ್ತಿನ ಬೆಲೆಯಿಂದ ಕಳೆದು ತೋರಿಸುವುದು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಅಮೆರಿಕ ಹಲವು ದಶಕ ಅನುಭವಿಸಿದ್ದನ್ನು ನಾವು ಮೊದಲಿಂದ ಅನುಭವಿಸಿ ಕಲಿಯಬೇಕಾಗಿಲ್ಲ.

ಕೇಳಬೇಕಾದದ್ದು ಸರಳ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವ ಬೆಲೆ ಕೌಂಟರಿನಲ್ಲಿ ಕೊಡುವ ಬೆಲೆಯೇ ಆಗಿರಬೇಕು. ನಂತರ ಕೊಡುವ ಹಣವಿದ್ದರೆ ಅದನ್ನು ಬೇರೆಯಾಗಿ, ಎಷ್ಟು ದಿನದಲ್ಲಿ ಎಂದು ತಿಳಿಸಿ ಹೇಳಬೇಕು. ಮಾರಾಟದ ದಾಖಲೆ ಇರುವಾಗ ಕೊಂಡವರಿಂದ ಅರ್ಜಿ ಕೇಳಬಾರದು. ಮಾರಿದ ಅಂಗಡಿಯೇ ಆ ಹಣಕ್ಕೆ ಹೊಣೆಯಾಗಬೇಕು. ಯಾರೂ ಪಡೆಯದೆ ಉಳಿದ ಹಣ ಕಂಪನಿಗೂ ಗುತ್ತಿಗೆದಾರರಿಗೂ ಲಾಭವಾಗದೆ, ವಾರಸುದಾರರಿಲ್ಲದ ಹಣದಂತೆ ಸರ್ಕಾರದ ವಶಕ್ಕೆ ಹೋಗಬೇಕು. ಈ ಕೊನೆಯ ನಿಯಮವೊಂದು ಬಂದರೂ ಸಾಕು, ಕಠಿಣ ಷರತ್ತು ಹಾಕುವುದರಿಂದ ಯಾರಿಗೂ ಲಾಭವಿಲ್ಲದಂತಾಗಿ ಷರತ್ತುಗಳು ತಾವಾಗಿ ಸಡಿಲವಾಗುತ್ತವೆ. ಪ್ರಾಮಾಣಿಕವಾಗಿ ರಿಯಾಯಿತಿ ಕೊಡುವವರಿಗೆ ಈ ನಿಯಮಗಳಲ್ಲಿ ಯಾವ ನಷ್ಟವೂ ಇಲ್ಲ. ನಷ್ಟವಾಗುವುದು ಗ್ರಾಹಕರ ಮರೆವನ್ನು ಲಾಭದ ಖಾತೆಯಲ್ಲಿ ಬರೆದುಕೊಂಡವರಿಗೆ ಮಾತ್ರ. ಮರೆಯುವುದು ಅಪರಾಧವಲ್ಲ, ಅದಕ್ಕೆ ದಂಡ ವಸೂಲು ಮಾಡುವ ಅಧಿಕಾರವನ್ನು ಯಾವ ಅಂಗಡಿಗೂ ಯಾರೂ ಕೊಟ್ಟಿಲ್ಲ.